ಸಹನೆಯೋ, ಅಲಕ್ಷ್ಯವೋ?

“ಏನಿಲ್ಲ, ಸ್ವಲ್ಪ ಆಯಾಸ ಅಷ್ಟೇ. ಮಲಗಿ ಎದ್ದರೆ ಸರಿಹೋಗುತ್ತದೆ.” ಪ್ರಿಯ ಓದುಗರೇ, ಈ ಮಾತನ್ನು ನಿಮ್ಮ ಮನೆಯಲ್ಲಿ ಎಷ್ಟು ಸಲ ಕೇಳಿರುವಿರಿ? ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತ ತಾಯಿ ಹೀಗೆನ್ನುತ್ತಾರೆ. ತೋಟದಿಂದ ಬಂದು ಜಗಲಿಯಲ್ಲಿ ಕುಳಿತು ಎದೆ ನೀವಿಕೊಳ್ಳುವ ತಂದೆ ಹೀಗೆನ್ನುತ್ತಾರೆ. ನಾವು ಕೇಳಿ ಸುಮ್ಮನಾಗುತ್ತೇವೆ. ಸುಮ್ಮನಾಗುವುದಿರಲಿ, ಇಂಥ ಮೌನವನ್ನು ಮೆಚ್ಚುತ್ತೇವೆ ಕೂಡ. ನಮ್ಮ ಧರ್ಮಕೇಂದ್ರಗಳಲ್ಲಿ ಹಿರಿಯರೊಬ್ಬರು ತೀರಿಕೊಂಡಾಗ ಆಡುವ ಶ್ರದ್ಧಾಂಜಲಿಯ ಮಾತುಗಳನ್ನು ಗಮನಿಸಿ. ಕೊನೆಯವರೆಗೂ ತಮ್ಮ ನೋವನ್ನು ಯಾರಲ್ಲೂ ಹೇಳಿಕೊಂಡವರಲ್ಲ, ಯಾರಿಗೂ ಹೊರೆಯಾದವರಲ್ಲ ಎಂಬುದು ಅಲ್ಲಿ ಬಹುದೊಡ್ಡ ಪ್ರಶಂಸೆ. ಈ ಪ್ರಶಂಸೆ ಸರಿಯೇ ಎಂಬುದು ನನ್ನ ಪ್ರಶ್ನೆ. ತೀರಿಕೊಂಡವರ ಬಗ್ಗೆ ತೀರ್ಪು ನೀಡುವ ಅಧಿಕಾರ ನಮಗಿಲ್ಲ. ಆದರೆ ಆ ಮಾತನ್ನು ಕೇಳಿಸಿಕೊಂಡು ಮನೆಗೆ ಹೋಗುವ ಸೊಸೆ, ಮಗಳು, ಮಗ ಅದರಿಂದ ಏನನ್ನು ಕಲಿಯುತ್ತಾರೆ ಎಂಬುದನ್ನು ಯೋಚಿಸಲೇಬೇಕು.

ಮೊದಲಿಗೆ ನೋವು ಎಂದರೇನೆಂದು ವಿಚಾರಿಸೋಣ. ನೋವನ್ನು ನಾವು ಶತ್ರುವೆಂದೋ, ಶಿಕ್ಷೆಯೆಂದೋ, ಇಲ್ಲವೇ ಹೊರಬೇಕಾದ ಶಿಲುಬೆಯೆಂದೋ ಭಾವಿಸುವುದುಂಟು. ಇದನ್ನು ಬೇರೆಯದೇ ರೀತಿಯಲ್ಲಿ ಕಂಡವರು ಡಾಕ್ಟರ್ ಪಾಲ್ ಬ್ರ್ಯಾಂಡ್. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಮಿಷನರಿ ದಂಪತಿಗಳ ಮಗನಾಗಿ ಹುಟ್ಟಿದ ಈ ಶಸ್ತ್ರವೈದ್ಯರು 1946ರಲ್ಲಿ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿಗೆ ಬಂದರು. ಕುಷ್ಠರೋಗಿಗಳ ಬೆರಳುಗಳು ತಾವಾಗಿಯೇ ಕೊಳೆತು ಉದುರುತ್ತವೆ ಎಂದು ಅಂದಿನ ಜನರು ನಂಬಿದ್ದರು. ರೋಗಿಗಳ ದಿನಚರಿಯನ್ನು ಹತ್ತಿರದಿಂದ ನೋಡುತ್ತ ಹೋದ ಬ್ರ್ಯಾಂಡ್ ಅವರಿಗೆ ಬೇರೆಯೇ ಸತ್ಯ ಗೋಚರಿಸಿತು. ರೋಗವು ನರಗಳನ್ನು ಕೆಡಿಸಿ ನೋವಿನ ಅರಿವನ್ನು ಕಸಿದುಕೊಳ್ಳುತ್ತದೆ. ಅರಿವಿಲ್ಲದ ಕೈ ಕಾದ ಪಾತ್ರೆಯನ್ನು ಹಿಡಿಯುತ್ತದೆ. ಅರಿವಿಲ್ಲದ ಕಾಲು ಮುಳ್ಳು ಹೊಕ್ಕರೂ ನಡೆಯುತ್ತದೆ. ರಾತ್ರಿ ನಿದ್ದೆಯಲ್ಲಿ ಇಲಿ ಬೆರಳನ್ನು ಕಚ್ಚಿದರೂ ಆತ ಏಳುವುದಿಲ್ಲ. ಬೆರಳು ಹಾಳಾಗುವುದು ಇಂಥ ಗಾಯಗಳಿಂದ. ಜೀವನವಿಡೀ ಈ ರೋಗಿಗಳ ನಡುವೆ ದುಡಿದ ಆ ವೈದ್ಯರು ಕೊನೆಗೆ ನೋವನ್ನು ದೇವರ ಕೊಡುಗೆಯೆಂದು ಕರೆದರು. ಮನೆಯ ಕಾವಲುನಾಯಿ ಬೊಗಳಿದಾಗ ನಾವು ಎದ್ದು ದೀಪ ಹಚ್ಚಿ ಅಂಗಳವನ್ನು ನೋಡುತ್ತೇವಲ್ಲವೇ? ನಾಯಿಯ ಬಾಯಿ ಕಟ್ಟಿ ಮಲಗಿದವನನ್ನು ಸಹನಶೀಲನೆಂದು ಯಾರೂ ಹೊಗಳುವುದಿಲ್ಲ.

ಕುಷ್ಠರೋಗದ ಮಾತು ಬಂದದ್ದರಿಂದ ಒಂದು ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನ್ ಯೇಸುಸಭೆಯ ಗುರು ಅಗಸ್ಟಸ್ ಮುಲ್ಲರ್ 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ನೀಡಿದಾಗ ಈ ರೋಗವನ್ನು ಗುಣಪಡಿಸುವ ಔಷಧವೇ ಇರಲಿಲ್ಲ. ಇಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುವ ಮಾತ್ರೆಗಳನ್ನು 6 ತಿಂಗಳು ಅಥವಾ 12 ತಿಂಗಳು ಸೇವಿಸಿದರೆ ಅದು ಸಂಪೂರ್ಣ ಗುಣವಾಗುತ್ತದೆ. ಮೈಮೇಲೆ ತಿಳಿಬಣ್ಣದ ಅಥವಾ ಕೆಂಪಗಿನ ಮಚ್ಚೆ ಇದ್ದು, ಅಲ್ಲಿ ಮುಟ್ಟಿದರೆ ತಿಳಿಯುವುದಿಲ್ಲವಾದರೆ ವೈದ್ಯರಿಗೆ ತೋರಿಸಬೇಕು. ತುರಿಕೆಯಿಲ್ಲ, ಉರಿಯಿಲ್ಲ, ಆದ್ದರಿಂದ ಚಿಂತೆಯಿಲ್ಲ ಎನ್ನುವವರೇ ಹೆಚ್ಚು. ಇಲ್ಲಿ ನೋವಿಲ್ಲದಿರುವುದೇ ರೋಗದ ಲಕ್ಷಣ.

ನಮ್ಮ ಬಹುಪಾಲು ತಪ್ಪು ಲೆಕ್ಕಾಚಾರ ಇಲ್ಲಿಯೇ ಇದೆ. ನೋವಿದ್ದರೆ ಸಹಿಸುತ್ತೇವೆ, ನೋವಿಲ್ಲದಿದ್ದರೆ ರೋಗವಿಲ್ಲವೆನ್ನುತ್ತೇವೆ. ಎರಡೂ ದಾರಿಗಳು ವೈದ್ಯರ ಬಾಗಿಲಿನಿಂದ ದೂರವೇ ಒಯ್ಯುತ್ತವೆ. ರಕ್ತದೊತ್ತಡ ಏರಿದಾಗ ಬಹಳ ಜನರಿಗೆ ಏನೂ ಅನಿಸುವುದಿಲ್ಲ. ಸಕ್ಕರೆ ಕಾಯಿಲೆಯು ವರ್ಷಗಟ್ಟಲೆ ಸದ್ದಿಲ್ಲದೆ ಕಣ್ಣು, ಮೂತ್ರಪಿಂಡ, ಪಾದಗಳನ್ನು ಸವೆಸುತ್ತದೆ. ಸ್ತನದಲ್ಲಿ ಕಾಣಿಸಿಕೊಳ್ಳುವ ಕ್ಯಾನ್ಸರ್ ಗಂಟು ಆರಂಭದಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ; ನೋಯುವುದಿಲ್ಲವೆಂಬ ಕಾರಣಕ್ಕೇ ಅದನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಎರಡು ಮಳೆಗಾಲ ಕಳೆಯುವ ಹೆಂಗಸರಿದ್ದಾರೆ. ಎಲೆಅಡಿಕೆ ಹೊಗೆಸೊಪ್ಪು ಹಾಕುವವರ ಬಾಯಿಯಲ್ಲಿ ಮೂರು ವಾರ ಕಳೆದರೂ ಮಾಯದ ಹುಣ್ಣು, ಬಿಳಿಯ ಅಥವಾ ಕೆಂಪು ಮಚ್ಚೆ ಇವೂ ಹೀಗೆಯೇ. ಇನ್ನು ನಾಯಿ ಕಚ್ಚಿದವರ ಸಂಗತಿಯಂತೂ ಭಯಂಕರ. ಗಾಯ ಮಾಯಿತು, ಹುಡುಗ ಆಡಿಕೊಂಡಿದ್ದಾನೆ ಎಂದು ಲಕ್ಷಣಕ್ಕಾಗಿ ಕಾದವರಿಗೆ, ರೇಬಿಸ್ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮಾಡುವುದೇನೂ ಉಳಿದಿರುವುದಿಲ್ಲ. ಕಚ್ಚಿದ ಕೂಡಲೇ ಸೋಪು ಹಾಕಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅಂದೇ ಲಸಿಕೆ ಆರಂಭಿಸಬೇಕು.

ಹೃದಯದ ವಿಷಯಕ್ಕೆ ಬರೋಣ. ಎದೆಯ ನಡುವೆ ಭಾರವಾದ ಒತ್ತಡ, ಅದು ಎಡಗೈಗೆ, ದವಡೆಗೆ, ಬೆನ್ನಿಗೆ ಹರಿಯುವುದು, ತಣ್ಣನೆಯ ಬೆವರು ಇವನ್ನು ಎಲ್ಲರೂ ಕೇಳಿಬಲ್ಲರು. ಆದರೆ ನಮ್ಮಲ್ಲಿ ಇದಕ್ಕೆಲ್ಲ ಒಂದು ಹೆಸರಿದೆ: ಗ್ಯಾಸ್! ಜೀರಿಗೆ ಕಷಾಯ ಕುಡಿದು, ಸೋಡಾ ಕುಡಿದು, ಬೆಳಗಾಗಲಿ ನೋಡೋಣವೆಂದು ಕಾಯುತ್ತೇವೆ. ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ಎದೆನೋವು ಇಲ್ಲದೆಯೇ ಹೃದಯಾಘಾತವಾಗಬಹುದು. ಹಠಾತ್ ಉಬ್ಬಸ, ವಾಕರಿಕೆ, ಹಿಂದೆಂದೂ ಕಾಣದ ಸುಸ್ತು, ಇಷ್ಟೇ ಇರಬಹುದು. ತಾಯಿ ಬಾಗಿಲಿಗೆ ಒರಗಿ ಹೇಳಿದ “ಸ್ವಲ್ಪ ಆಯಾಸ” ಎಂಬ ಮಾತನ್ನು ಈಗ ಮತ್ತೊಮ್ಮೆ ನೆನೆಯಿರಿ.

ಪಾರ್ಶ್ವವಾಯುವಿನಲ್ಲಿ ಗಡಿಯಾರ ಇನ್ನೂ ನಿಷ್ಠುರವಾದುದು. ನಗುವಾಗ ಬಾಯಿ ಒಂದು ಕಡೆಗೆ ಸೊಟ್ಟಗಾದರೆ, ಎತ್ತಿದ ಎರಡು ಕೈಗಳಲ್ಲಿ ಒಂದು ಕೆಳಗೆ ಜಾರಿದರೆ, ಮಾತು ತೊದಲಿದರೆ, ಇವುಗಳಲ್ಲಿ ಯಾವುದೇ ಒಂದು ಕಂಡರೂ 108ಕ್ಕೆ ಕರೆ ಮಾಡಬೇಕು. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮುನ್ನ ತಲೆಯ ಸ್ಕ್ಯಾನ್ ಆಗಬೇಕು. ಹಳ್ಳಿಯಿಂದ ಜಿಲ್ಲಾ ಕೇಂದ್ರಕ್ಕೆ ಹೋಗುವ ದಾರಿಯನ್ನೂ ಈ ಲೆಕ್ಕಕ್ಕೆ ಸೇರಿಸಿ. ಎಣ್ಣೆ ತಿಕ್ಕಿಸಲು, ಮಗ ಬೆಂಗಳೂರಿನಿಂದ ಬರಲೆಂದು ಕಾಯಲು ಅದರಲ್ಲಿ ಸಮಯವೆಲ್ಲಿದೆ? ಮುಖ ಅರ್ಧ ಗಂಟೆಯಲ್ಲಿ ತಾನಾಗಿ ನೆಟ್ಟಗಾದರೂ ಹೋಗಲೇಬೇಕು. ಅದು ದೊಡ್ಡ ಆಘಾತದ ಮುನ್ಸೂಚನೆಯಾಗಿರಬಹುದು.

ಇಷ್ಟಾದ ಮೇಲೆ ನಿಮ್ಮಲ್ಲಿ ಕೆಲವರಾದರೂ ಕೇಳಬಹುದು: “ಫಾದರ್, ಹಾಗಾದರೆ ಸಂತರು ನೋವನ್ನು ಮೌನವಾಗಿ ಸಹಿಸಲಿಲ್ಲವೇ?” ಸಹಜವಾದ ಪ್ರಶ್ನೆ. ನಮ್ಮ ಮನೆಗಳ ಗೋಡೆಯ ಮೇಲೆ ಗುಲಾಬಿ ಹೂಗಳನ್ನು ಹಿಡಿದು ನಿಂತಿರುವ ಬಾಲಯೇಸುವಿನ ಸಂತ ತೆರೇಸಾ ಅವರನ್ನೇ ತೆಗೆದುಕೊಳ್ಳೋಣ. 1896ರ ಪವಿತ್ರ ಗುರುವಾರದ ರಾತ್ರಿ ಮಲಗಿದೊಡನೆ ಅವರ ಬಾಯಿಗೆ ಏನೋ ಬಿಸಿಯಾಗಿ ಉಕ್ಕಿಬಂತು. ದೀಪ ಆರಿಸಿಯಾಗಿತ್ತು. ಮತ್ತೆ ಹಚ್ಚಿ ನೋಡುವ ಕುತೂಹಲವನ್ನು ಅವರು ತಡೆದುಕೊಂಡರು. ಬೆಳಿಗ್ಗೆ ಕಿಟಕಿಯ ಬಳಿ ಕರವಸ್ತ್ರವನ್ನು ನೋಡಿದಾಗ ಅದು ರಕ್ತವಾಗಿತ್ತು. ಕ್ಷಯರೋಗ. ಅಂದು ಶುಭ ಶುಕ್ರವಾರ; ಎಂದಿನಂತೆ ಉಪವಾಸ ಮಾಡಲು, ಕೆಲಸ ಮಾಡಲು ಅವರು ಅನುಮತಿ ಬೇಡಿದರು. ಮರುವರ್ಷ ಸೆಪ್ಟೆಂಬರ್ 30ರಂದು, 24ನೇ ವಯಸ್ಸಿನಲ್ಲಿ ಪ್ರಾಣ ಬಿಟ್ಟರು.

ಈ ಕಥೆಯನ್ನು ನಾವು ಅರ್ಧವಷ್ಟೇ ಹೇಳುತ್ತೇವೆಂದು ನನಗೆ ತೋರುತ್ತದೆ. ಮೊದಲನೆಯದಾಗಿ, ತೆರೇಸಾ ಮುಚ್ಚಿಡಲಿಲ್ಲ. ಬೆಳಗಾದೊಡನೆ ಮಠದ ಮುಖ್ಯಸ್ಥೆಗೆ ನಡೆದುದನ್ನು ತಿಳಿಸಿದರು. ಎರಡನೆಯದಾಗಿ, ಕ್ಷಯದ ರೋಗಾಣುವನ್ನು ರಾಬರ್ಟ್ ಕಾಕ್ ಅವರು 1882ರಲ್ಲಿ ಗುರುತಿಸಿದ್ದರೂ ಅದನ್ನು ಕೊಲ್ಲುವ ಸ್ಟ್ರೆಪ್ಟೊಮೈಸಿನ್ ದೊರೆತದ್ದು 1943ರಲ್ಲಿ. ತೆರೇಸಾ ಅವರ ಕಾಲದ ವೈದ್ಯರು ಚರ್ಮಕ್ಕೆ ಬರೆ ಹಾಕುವಂಥ ಉಪಚಾರಗಳನ್ನು ಮಾಡಬಲ್ಲವರಾಗಿದ್ದರೇ ಹೊರತು ರೋಗವನ್ನು ನಿಲ್ಲಿಸಬಲ್ಲವರಾಗಿರಲಿಲ್ಲ. ತಪ್ಪಿಸಲಾಗದುದನ್ನು ಪ್ರೀತಿಯಿಂದ ಸ್ವೀಕರಿಸುವುದು ಸಹನೆ. ತಪ್ಪಿಸಬಹುದಾದುದನ್ನು ತಪ್ಪಿಸದೆ ಬಿಟ್ಟು, ಅದಕ್ಕೆ ಸಹನೆಯೆಂದು ಹೆಸರಿಟ್ಟರೆ ಅದು ಪವಿತ್ರವಾಗುವುದಿಲ್ಲ. ಇಂದು ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿಯ ಬೆವರು, ಇಳಿಯುತ್ತಿರುವ ತೂಕ, ಕಫದಲ್ಲಿ ರಕ್ತ ಇವುಗಳನ್ನು ಇಟ್ಟುಕೊಂಡು ಬಲಿಪೂಜೆಗೆ ಬಂದು ಮೂಲೆಯಲ್ಲಿ ಕುಳಿತು ಕೆಮ್ಮುವವನು ತೆರೇಸಾ ಅವರನ್ನು ಅನುಸರಿಸುತ್ತಿಲ್ಲ. ಕಫ ಪರೀಕ್ಷೆ ಉಚಿತ, 6 ತಿಂಗಳ ಔಷಧ ಉಚಿತ, ಪೌಷ್ಟಿಕ ಆಹಾರಕ್ಕಾಗಿ 2024ರ ನವೆಂಬರ್‌ನಿಂದ ತಿಂಗಳಿಗೆ 1000 ರೂಪಾಯಿ ಸಹಾಯಧನವೂ ಇದೆ. ಚಿಕಿತ್ಸೆ ಪಡೆಯದ ರೋಗಿಯೊಬ್ಬನಿಂದ ಒಂದು ವರ್ಷದಲ್ಲಿ 10ರಿಂದ 15 ಮಂದಿಗೆ ಸೋಂಕು ತಗಲಬಹುದೆಂದು ತಜ್ಞರು ಲೆಕ್ಕ ಹಾಕುತ್ತಾರೆ. ಅವರಲ್ಲಿ ಮೊದಲಿಗರು ಅದೇ ಕೋಣೆಯಲ್ಲಿ ಮಲಗುವ ಮೊಮ್ಮಕ್ಕಳು.

ಅಂದಮೇಲೆ “ಇದು ನನ್ನ ದೇಹ, ನನ್ನ ನೋವು” ಎನ್ನುವ ಮಾತು ಪೂರ್ತಿ ನಿಜವಲ್ಲ. ಗುರುಮಠದಲ್ಲಿ ನೀತಿಶಾಸ್ತ್ರ ಓದುವಾಗ ಸಂತ ಥಾಮಸ್ ಅಕ್ವಿನಾಸರ ಒಂದು ಪ್ರಶ್ನೆ ನಮಗೆಲ್ಲ ವಿಚಿತ್ರವಾಗಿ ಕಂಡಿತ್ತು: ಮನುಷ್ಯನು ತನ್ನ ದೇಹವನ್ನು ದೈವಿಕ ಪ್ರೀತಿಯಿಂದ ಪ್ರೀತಿಸಬೇಕೇ? ಹೌದು ಎಂಬುದೇ ಅವರ ಉತ್ತರ. ದೇಹವು ದೇವರ ಸೃಷ್ಟಿ, ದೇವರ ಸೇವೆಗೆ ನೀಡಲಾದುದು. ಆದುದರಿಂದ ಅದನ್ನು ಪ್ರೀತಿಸಬೇಕು. ಮತ್ತೊಂದೆಡೆ ಅವರು ವಿವೇಕವನ್ನು ಉಳಿದೆಲ್ಲ ನೈತಿಕ ಸದ್ಗುಣಗಳಿಗೆ ದಾರಿ ತೋರುವ ಸದ್ಗುಣವನ್ನಾಗಿ ನಿಲ್ಲಿಸುತ್ತಾರೆ. ವಿವೇಕ ಕಳೆದುಕೊಂಡ ಧೈರ್ಯ ಹುಂಬತನವಾಗುವಂತೆ, ವಿವೇಕ ಕಳೆದುಕೊಂಡ ಸಹನೆ ಅಲಕ್ಷ್ಯವಾಗುತ್ತದೆ.

ಆದರೆ ಮೌನವಾಗಿರುವವರ ಮೇಲೆ ತಪ್ಪು ಹೊರಿಸಿ ಮುಗಿಸುವುದು ನ್ಯಾಯವಲ್ಲ. ಜನರು ಏಕೆ ಹೇಳಿಕೊಳ್ಳುವುದಿಲ್ಲ? ಕೆಲವರಿಗೆ ಹಣದ ಭಯ. ಕೆಲವರಿಗೆ ಆ ರೋಗದ ಹೆಸರಿನ ಭಯ. ವೈದ್ಯರು ಹೇಳುವವರೆಗೂ ಅದು ಇಲ್ಲವೆಂಬ ಭ್ರಮೆ. ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೆ ಅದನ್ನು ತಡಮಾಡದೆ ವೈದ್ಯರಿಗೆ ತೋರಿಸಬೇಕೆಂದು ಎಷ್ಟು ಮಂದಿ ತಾಯಂದಿರಿಗೆ ಗೊತ್ತು? ಗೊತ್ತಿದ್ದರೂ ಯಾರ ಬಳಿ ಹೇಳುವುದು, ಮಗನ ಬಳಿಯೇ? ಎಲ್ಲಕ್ಕಿಂತ ದೊಡ್ಡ ಕಾರಣ ಬೇರೊಂದಿದೆ. ತಾನು ಆಸ್ಪತ್ರೆ ಸೇರಿದರೆ ಹಸುವಿಗೆ ಹುಲ್ಲು ಹಾಕುವವರಾರು, ಮಕ್ಕಳ ಡಬ್ಬಿ ತುಂಬುವವರಾರು, ಹಾಸಿಗೆ ಹಿಡಿದ ಅತ್ತೆಯನ್ನು ತಿರುಗಿಸಿ ಮಲಗಿಸುವವರಾರು ಎಂಬ ಲೆಕ್ಕ ಆಕೆಯ ತಲೆಯಲ್ಲಿ ಸದಾ ಓಡುತ್ತಿರುತ್ತದೆ. ಲೆಕ್ಕ ಸರಿಯಾಗಿಯೇ ಇದೆ! ಆ ಮನೆಯಲ್ಲಿ ಆಕೆಗೆ ರೋಗಿಯಾಗಲು ಅವಕಾಶವೇ ಇಲ್ಲ. ಆಕೆಯ ಮೌನವನ್ನು ಸದ್ಗುಣವೆಂದು ಹೊಗಳುವ ನಾವು, ಅದರಿಂದ ನಮಗಾಗುವ ಅನುಕೂಲವನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಬೇಕು. ಪಾಪನಿವೇದನೆಗೆ ಮುನ್ನ ಆತ್ಮಶೋಧನೆ ಮಾಡುವಾಗ ಗಂಡಂದಿರೂ ಬೆಳೆದ ಮಕ್ಕಳೂ ಈ ಪ್ರಶ್ನೆಯನ್ನು ಸೇರಿಸಿಕೊಳ್ಳಲಿ.

ನಮ್ಮ ಕರಾವಳಿ, ಮಲೆನಾಡುಗಳ ಜ್ವರಗಳ ಬಗ್ಗೆಯೂ ಹೇಳಬೇಕು. ಜ್ವರವೆಂದರೆ ಎರಡು ಮಾತ್ರೆ ಎಂದುಕೊಳ್ಳುವ ಕಾಲ ಹೋಯಿತು. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಮೂರರಿಂದ ಏಳನೆಯ ದಿನದೊಳಗೆ ಜ್ವರ ಬಿಟ್ಟಿತೆಂದು ಮನೆಯವರು ನೆಮ್ಮದಿಯ ಉಸಿರು ಬಿಡುವಾಗಲೇ ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಮಂಪರು ಕಾಣಿಸಿಕೊಂಡರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಪ್ಯಾರಾಸಿಟಮಾಲ್ ಹೊರತು ಬೇರೆ ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ನುಂಗಬಾರದು. ಮಳೆಗಾಲದಲ್ಲಿ ಗದ್ದೆಯ ಕೆಸರಿನಲ್ಲಿ ಇಳಿದವರಿಗೆ ಜ್ವರದೊಡನೆ ಮೀನಖಂಡದ ನೋವು, ಕೆಂಗಣ್ಣು ಬಂದರೆ ಅದು ಇಲಿಜ್ವರವಿರಬಹುದು. ಕಣ್ಣು ಹಳದಿಯಾಗುವವರೆಗೆ ಕಾಯುವುದೇಕೆ? ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಇಂದಿಗೂ ಮಲೆನಾಡನ್ನು ಬಿಟ್ಟು ಹೋಗಿಲ್ಲ. ಬೇಸಿಗೆಗೆ ಮುನ್ನ ದರಗೆಲೆ, ಸೌದೆಗೆಂದು ಕಾಡಿಗೆ ಹೋಗಿ ಬಂದವರಿಗೆ ಉಣುಗು ಕಚ್ಚಿ, ಕೆಲದಿನಗಳಲ್ಲಿ ಹಠಾತ್ ಜ್ವರ, ತಲೆಸಿಡಿತ, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ತಾವಾಗಿಯೇ ಹೇಳಬೇಕು. ಅವರು ಕೇಳಲಿ ಎಂದು ಸುಮ್ಮನಿರಬೇಡಿ.

ಎಳೆಯ ಮಕ್ಕಳು ತಮಗೇನಾಗಿದೆ ಎಂದು ಹೇಳಲಾರರು. ಅವರ ಪರವಾಗಿ ನೋಡುವ ಕಣ್ಣು ನಮ್ಮದು. ಒಂದರಿಂದ ಐದು ವರ್ಷದೊಳಗಿನ ಮಗು ನಿಮಿಷಕ್ಕೆ 40 ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರಾಡುತ್ತಿದ್ದರೆ, ಉಸಿರೆಳೆಯುವಾಗ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಎಳೆದುಕೊಂಡರೆ, ಹಾಲು ನೀರು ಮುಟ್ಟದಿದ್ದರೆ, ಎಬ್ಬಿಸಿದರೂ ಕಣ್ಣು ತೆರೆಯದಿದ್ದರೆ ರಾತ್ರಿಯೆಂದು ನೋಡಬಾರದು.

ಮನಸ್ಸಿನ ಕಾಯಿಲೆಯ ಬಗ್ಗೆ ನಾವು ಇನ್ನೂ ಹೆಚ್ಚು ಕಠೋರರು. ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿಯಿಲ್ಲ, ನಸುಕಿನಲ್ಲೇ ಎಚ್ಚರ, ಊಟ ಸೇರದು, ತಾನಿದ್ದು ಏನು ಪ್ರಯೋಜನ ಎಂಬ ಮಾತು. ಇಂಥವರಿಗೆ ನಾವು ಹೇಳುವುದೇನು? “ಜಪಸರ ಹೇಳು, ನಂಬಿಕೆ ಕಡಿಮೆಯಾಗಿದೆ.” ಕಾಲು ಮುರಿದವನಿಗೆ ನಂಬಿಕೆ ಕಡಿಮೆಯೆಂದು ಯಾರೂ ಹೇಳುವುದಿಲ್ಲ. ಪ್ರಾರ್ಥಿಸಲಾರದಷ್ಟು ದಣಿದವನ ಪಕ್ಕದಲ್ಲಿ ಕುಳಿತು ನಾವು ಪ್ರಾರ್ಥಿಸೋಣ, ಜೊತೆಗೆ ಅವನನ್ನು ವೈದ್ಯರ ಬಳಿಗೂ ಕರೆದೊಯ್ಯೋಣ. ಸಾವಿನ ಮಾತೆತ್ತಿದರೆ ಒಬ್ಬರನ್ನೇ ಬಿಡಬಾರದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳು ಯಾವಾಗ ಕರೆ ಮಾಡಿದರೂ ಕನ್ನಡದಲ್ಲಿಯೇ ಮಾತನಾಡಬಹುದು.

ಇದರ ಎದುರು ತುದಿಯಲ್ಲಿ ಇನ್ನೊಂದು ತಪ್ಪಿದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ಹೃದಯ ಪರೀಕ್ಷೆಗೆಂದು ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದವರಲ್ಲಿ ಎಷ್ಟೋ ಮಂದಿ ಆರೋಗ್ಯವಂತ ತರುಣರು. ಆ ಗಾಬರಿ ಅರ್ಥವಾಗುತ್ತದೆ. ಆದರೆ ಪ್ರತಿ ತಲೆನೋವಿಗೂ ಸ್ಕ್ಯಾನ್ ಬೇಡುವುದು, ಮೂಗು ಸೋರಿದೊಡನೆ ಆಂಟಿಬಯಾಟಿಕ್ ನುಂಗುವುದು ದೇಹದ ಕಾಳಜಿಯಲ್ಲ. ನೆಗಡಿ ಒಂದು ವಾರದಿಂದ ಹತ್ತು ದಿನಗಳಲ್ಲಿ ತಾನಾಗಿ ಹೋಗುತ್ತದೆ. ವೈರಾಣುವಿನಿಂದ ಬಂದ ನೆಗಡಿಗೆ ಆಂಟಿಬಯಾಟಿಕ್ ಏನನ್ನೂ ಮಾಡದು. ಕಾಯುವುದೂ ಒಂದು ಚಿಕಿತ್ಸೆಯೇ, ಯಾವುದಕ್ಕಾಗಿ ಎಷ್ಟು ದಿನ ಕಾಯುತ್ತಿದ್ದೇವೆಂದು ತಿಳಿದಿದ್ದರೆ. ದಿನದಿಂದ ದಿನಕ್ಕೆ ಹೆಚ್ಚುವುದು, ಹೋಗಿ ಮರಳಿ ಬರುವುದು, ರಕ್ತ ಕಾಣುವುದು, ಕಾರಣವಿಲ್ಲದೆ ತೂಕ ಇಳಿಯುವುದು ಇವು ಕಾಯುವಿಕೆಯ ಗಡಿಗಳು.

ವೈದ್ಯರ ಬಳಿ ಹೋಗುವುದು ದೇವರಲ್ಲಿ ಅವಿಶ್ವಾಸವೇ? ಸಿರಾಖನ ಗ್ರಂಥದ 38ನೇ ಅಧ್ಯಾಯವನ್ನು ತೆರೆದು ಓದಿ. ಪ್ರಾರ್ಥನೆಯನ್ನೂ ವೈದ್ಯನನ್ನೂ ಆ ಜ್ಞಾನಿ ಒಂದೇ ಹಾಸಿಗೆಯ ಪಕ್ಕದಲ್ಲಿ ನಿಲ್ಲಿಸುತ್ತಾನೆ. ಔಷಧವನ್ನು ಭೂಮಿಯಿಂದ ಹುಟ್ಟಿಸಿದವನೂ ದೇವರೇ ಎನ್ನುತ್ತಾನೆ. ಮಾರ್ಕನ ಶುಭಸಂದೇಶದ ಐದನೇ ಅಧ್ಯಾಯದಲ್ಲಿ 12 ವರ್ಷ ರಕ್ತಸ್ರಾವದಿಂದ ಬಳಲಿದ ಹೆಂಗಸು ಬರುತ್ತಾಳೆ. ವೈದ್ಯರಿಗೆ ಇದ್ದುದೆಲ್ಲವನ್ನೂ ಸುರಿದರೂ ಆಕೆಯ ಸ್ಥಿತಿ ಹದಗೆಟ್ಟಿತೆಂದು ಮಾರ್ಕ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. (ವೈದ್ಯನೆಂದು ಪೌಲರೇ ಕರೆದಿರುವ ಲೂಕನು ಅದೇ ಘಟನೆಯನ್ನು ಹೇಳುವಾಗ ಈ ಮಾತನ್ನು ಸ್ವಲ್ಪ ಮೃದುಗೊಳಿಸಿರುವುದನ್ನು ನೋಡಿ ನಾವು ನಗಬಹುದು.) ಆಕೆ ಯಾರಿಗೂ ಕಾಣದಂತೆ ಹಿಂದಿನಿಂದ ಬಂದು ಅಂಗಿಯ ಅಂಚು ಮುಟ್ಟಿ ಗುಣಹೊಂದುತ್ತಾಳೆ. ಯೇಸುಸ್ವಾಮಿ ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. ಜನಜಂಗುಳಿಯ ನಡುವೆ ನಿಂತು, ಮುಟ್ಟಿದವರು ಯಾರೆಂದು ಕೇಳಿದರು. 12 ವರ್ಷ ನಾಚಿಕೆಯಿಂದ ಬಚ್ಚಿಟ್ಟಿದ್ದ ಕಾಯಿಲೆಯನ್ನು ಆಕೆ ನಡುಗುತ್ತ ಎಲ್ಲರೆದುರು ಪೂರ್ತಿಯಾಗಿ ಹೇಳಿದಳು. ಆಕೆ ಹೇಳಿ ಮುಗಿಸುವವರೆಗೆ ಅವರು ಕೇಳಿಸಿಕೊಂಡರು. ಅದೇ ಹೊತ್ತಿನಲ್ಲಿ ಯಾಯಿರನ ಮಗಳು ಸಾಯುತ್ತಿದ್ದಳೆಂಬುದನ್ನು ಮರೆಯಬೇಡಿ.

ಹಾಗೆಂದು ಕೊನೆಯುಸಿರಿನವರೆಗೂ ಎಲ್ಲ ಯಂತ್ರಗಳಿಗೂ ಮೈಯೊಡ್ಡಬೇಕೆಂದು ಧರ್ಮಸಭೆ ಹೇಳುವುದಿಲ್ಲ. 1957ರ ನವೆಂಬರ್ 24ರಂದು ಅರಿವಳಿಕೆ ತಜ್ಞರೊಡನೆ ಮಾತನಾಡುತ್ತ ಪೋಪ್ ಹನ್ನೆರಡನೆಯ ಪಿಯುಸ್ ಅವರು, ಸಾಮಾನ್ಯ ಚಿಕಿತ್ಸೆಯನ್ನು ಪಡೆಯುವುದು ಕರ್ತವ್ಯ, ತನಗೋ ಪರರಿಗೋ ಅಸಾಧಾರಣ ಹೊರೆಯಾಗುವುದನ್ನು ಪಡೆಯಲೇಬೇಕೆಂಬ ಕಟ್ಟುಪಾಡಿಲ್ಲ ಎಂದು ಸ್ಪಷ್ಟಪಡಿಸಿದ್ದರು. 85 ವರ್ಷದ ಅಜ್ಜಿ, ವೈದ್ಯರು ಹೇಳಿದ್ದನ್ನೆಲ್ಲ ಕೇಳಿ ಅರಿತು, ದೊಡ್ಡ ಶಸ್ತ್ರಚಿಕಿತ್ಸೆ ಬೇಡ, ಮನೆಯಲ್ಲೇ ಇರುತ್ತೇನೆ ಎಂದರೆ ಅದನ್ನು ಗೌರವಿಸಬೇಕು. ಕೇಳಿ ಅರಿತು ಬೇಡವೆನ್ನುವುದಕ್ಕೂ, ಕೇಳದೆಯೇ ಇರುವುದಕ್ಕೂ ಅಜಗಜಾಂತರವಿದೆ. ರಕ್ತದೊತ್ತಡದ ಮಾತ್ರೆ, ಕಫದ ಪರೀಕ್ಷೆ, ಬಾಯಿಯೊಳಗೆ ಟಾರ್ಚ್ ಹಿಡಿದು ನೋಡುವುದು, ಇವು ಯಾವ ಅಳತೆಯಿಂದಲೂ ಅಸಾಧಾರಣವಲ್ಲ. ವ್ಯಾಧಿಸ್ಥರ ಅಭ್ಯಂಗವೂ ಸಾಯುವವರ ಸಂಸ್ಕಾರವಷ್ಟೇ ಅಲ್ಲವೆಂದು ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಮತ್ತೆ ಮತ್ತೆ ಬೋಧಿಸಲಾಗಿದೆ. ಆದರೂ ನಮ್ಮ ಜನ ಗುರುಗಳನ್ನು ಕರೆಯಲು ಮಧ್ಯರಾತ್ರಿ ಓಡಿ ಬರುತ್ತಾರೆ. ವೈದ್ಯರನ್ನು ಕಂಡಿರಾ ಎಂದು ಕೇಳಿದರೆ ನೆಲ ನೋಡುತ್ತಾರೆ.

30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ರಕ್ತದೊತ್ತಡ ಮತ್ತು ಸಕ್ಕರೆಯ ಪರೀಕ್ಷೆ ಉಚಿತ. ಬಿ.ಪಿ.ಎಲ್. ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಯ ನೆರವಿದೆ. ಕಾರ್ಡ್ ಮಾಡಿಸದವರು ಮಾಡಿಸಿಕೊಳ್ಳಿ. ಈ ತಿಂಗಳು ಒಂದು ದಿನ ತಾಯಿಯನ್ನು ಪರೀಕ್ಷೆಗೆ ಕರೆದುಕೊಂಡು ಹೋಗುವಿರಾದರೆ, ಅಂದಿನ ಮಧ್ಯಾಹ್ನದ ಅಡುಗೆಯನ್ನು ಯಾರು ಮಾಡುವರೆಂದು ಹಿಂದಿನ ರಾತ್ರಿಯೇ ಆಕೆಗೆ ತಿಳಿಸಿಬಿಡಿ.